ಚೌಕಟ್ಟು ಕಿರಿದಾದ ಬಗೆ: ಧಾರವಾಡ ಸೀಮೆಯ ಛಾಯಾಗ್ರಹಣ ಮತ್ತು 2016ರ ಎರಡು ಕ್ಯಾಮೆರಾಗಳು

ಧಾರವಾಡ ಸೀಮೆಗೆ ಕ್ಯಾಮೆರಾ ಬಂದು ಸುಮಾರು ನೂರ ಎಪ್ಪತ್ತು ವರ್ಷಗಳಾಗಿವೆ. ಈ ಅವಧಿಯಲ್ಲಿ ಆದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಖಚಿತವಾಗಿ ಅಳೆದು ಹೇಳಬಹುದಾದದ್ದು ಚೌಕಟ್ಟಿನ ವಿಸ್ತೀರ್ಣ, ಅಂದರೆ ಲೆನ್ಸಿನ ಮೂಲಕ ಒಳಬಂದ ಬೆಳಕು ಬಿದ್ದು ಚಿತ್ರವಾಗಿ ದಾಖಲಾಗುವ ಸಮತಲದ ಅಳತೆ. ಆ ಸಮತಲ ಮೊದಲು ಔಷಧ ಸವರಿದ ಕಾಗದವಾಗಿತ್ತು, ಆಮೇಲೆ ಗಾಜಿನ ಫಲಕವಾಯಿತು, ಮುಂದೆ ಸುರುಳಿ ಫಿಲ್ಮ್ ಆಯಿತು, ಈಗ ಸೆನ್ಸರ್ ಎಂದು ಕರೆಯಲಾಗುವ ಎಲೆಕ್ಟ್ರಾನಿಕ್ ಫಲಕವಾಗಿದೆ. ಪ್ರತಿ ಹಂತದಲ್ಲೂ ಚೌಕಟ್ಟು ಕಿರಿದಾಗಿದೆ, ಕ್ಯಾಮೆರಾ ಹಗುರಾಗಿದೆ, ಮತ್ತು ಕಳೆದುಕೊಂಡ ಬೆಳಕನ್ನು ಬೇರೆ ಯಾವುದೋ ಮಾರ್ಗದಿಂದ ಮರಳಿ ಪಡೆಯುವ ಪ್ರಯತ್ನ ನಡೆದಿದೆ. 2016ರ ಜನವರಿಯಲ್ಲಿ ಎರಡು ಜಪಾನಿ ಸಂಸ್ಥೆಗಳು ಹೆಚ್ಚು ಕಡಿಮೆ ಒಂದೇ ರೂಪದ, ಆದರೆ ಬೇರೆ ಬೇರೆ ಅಳತೆಯ ಸೆನ್ಸರ್‌ಗಳುಳ್ಳ ಎರಡು ಕ್ಯಾಮೆರಾಗಳನ್ನು ಪ್ರಕಟಿಸಿದವು. ಅವುಗಳ ನಡುವಿನ ಅಂತರವನ್ನು ಈ ದೀರ್ಘ ಚರಿತ್ರೆಯ ಹಿನ್ನೆಲೆಯಲ್ಲಿಟ್ಟು ನೋಡಿದರೆ, ದೊಡ್ಡ ಚೌಕಟ್ಟು ಯಾವ ಕೆಲಸಕ್ಕೆ ನಿಜವಾಗಿ ಬೇಕು, ಯಾವ ಕೆಲಸಕ್ಕೆ ಅದು ಬರಿಯ ಭಾರ ಎಂಬುದು ಸ್ಪಷ್ಟವಾಗುತ್ತದೆ.

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರು ಇಂಥ ಹೋಲಿಕೆಗೆ ತಕ್ಕ ನೆಲೆಯಾಗಿದೆ, ಏಕೆಂದರೆ ಇಲ್ಲಿನ ಬದುಕು ಕ್ಯಾಮೆರಾದ ಮುಂದೊಡ್ಡುವ ಬೆಳಕು ಎರಡು ತುದಿಗಳಲ್ಲಿರುತ್ತದೆ. ಎರೆ ಭೂಮಿಯ ಬಯಲಿನಲ್ಲಿ ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗಳ ಸುಗ್ಗಿ ನಡೆಯುವಾಗ ಮರದ ನೆರಳಿಲ್ಲದ ಮಧ್ಯಾಹ್ನದ ಬಿಸಿಲು ಬಿಳಿಯ ಹತ್ತಿಯನ್ನೂ ಕಪ್ಪು ಮಣ್ಣನ್ನೂ ಒಂದೇ ಚಿತ್ರದೊಳಗೆ ತರುತ್ತದೆ. ಅದೇ ಊರಿನ ಹಳೆಯ ಮಾಳಿಗೆ ಮನೆಗಳಲ್ಲಿ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿ ಸಮತಟ್ಟಾಗಿ ಕಟ್ಟಿದ ದಪ್ಪ ಗೋಡೆಯ ಮನೆಗಳಲ್ಲಿ, ಮೇಲಿನ ಬೆಳಕಿಂಡಿಯೊಂದರಿಂದ ಇಳಿಯುವ ಬೆಳಕು ಪಡಸಾಲೆಯ ಒಂದು ಭಾಗವನ್ನು ಮಾತ್ರ ಬೆಳಗುತ್ತದೆ. ಹೊರಗಿನ ಬಿಸಿಲಿಗೂ ಇಂಥ ಒಳಮನೆಗೂ ಬೆಳಕಿನಲ್ಲಿ ಸಾವಿರ ಪಟ್ಟಿನಷ್ಟು ವ್ಯತ್ಯಾಸವಿರುವುದು ಅಪರೂಪವಲ್ಲ. ರಾತ್ರಿಯ ದೊಡ್ಡಾಟ, ಭಜನೆ, ತೇರಿನ ಮುನ್ನಾದಿನದ ಮೆರವಣಿಗೆಗಳೂ ಇದೇ ಕಡಿಮೆ ಬೆಳಕಿನ ಲೋಕಕ್ಕೆ ಸೇರಿದವು.

ಈ ಸೀಮೆಯ ಮೊದಲ ವ್ಯವಸ್ಥಿತ ಛಾಯಾಚಿತ್ರಗಳು ಹಗಲಿನ ಮತ್ತು ಕಲ್ಲಿನ ಚಿತ್ರಗಳಾಗಿದ್ದವು. ಸ್ಮಾರಕಗಳನ್ನು ಕೈಯಿಂದ ಬಿಡಿಸಿ ದಾಖಲಿಸುವುದಕ್ಕಿಂತ ಛಾಯಾಚಿತ್ರ ಅಗ್ಗವೂ ನಂಬಲರ್ಹವೂ ಆದದ್ದೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಭಾವಿಸಿದ ಕಾಲದಲ್ಲಿ, 1855ರಲ್ಲಿ, ಮುಂಬಯಿ ಸರಕಾರ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ವಿಜಯಪುರ, ಬಾದಾಮಿ, ಐಹೊಳೆಗಳ ಕಡೆ ಕಳಿಸಿತು. ಅವನನ್ನು ಸೈನಿಕ ಸೇವೆಗೆ ಹಿಂದಕ್ಕೆ ಕರೆಸಿಕೊಂಡ ಮೇಲೆ ಮುಂಬಯಿ ವೈದ್ಯಕೀಯ ಸೇವೆಯ ಡಾಕ್ಟರ್ ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಇವರಿಬ್ಬರು ಮತ್ತು ಎ. ಸಿ. ಬಿ. ನೀಲ್ ತೆಗೆದ ಚಿತ್ರಗಳನ್ನು ಮೆಡೋಸ್ ಟೇಲರ್‌ನ ಚಾರಿತ್ರಿಕ ವಿವರಣೆ ಹಾಗೂ ಜೇಮ್ಸ್ ಫರ್ಗುಸನ್‌ನ ವಾಸ್ತು ಟಿಪ್ಪಣಿಗಳೊಡನೆ ಸೇರಿಸಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಲಂಡನ್ನಿನ ಜಾನ್ ಮರ್ರೆ 1866ರಲ್ಲಿ ಪ್ರಕಟಿಸಿದನು.

ಬಿಗ್ಸ್ ಬಳಸಿದ್ದು ಕ್ಯಾಲೊಟೈಪ್ ವಿಧಾನ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಈ ವಿಧಾನದಲ್ಲಿ ಬೆಳ್ಳಿಯ ಲವಣ ಹಚ್ಚಿದ ಕಾಗದವೇ ನೆಗೆಟಿವ್ ಆಗುತ್ತಿತ್ತು, ಮತ್ತು ಆ ಕಾಗದವನ್ನು ಇನ್ನೊಂದು ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದು ಪ್ರತಿ ತೆಗೆಯಲಾಗುತ್ತಿತ್ತು. ಚಿತ್ರವನ್ನು ಹಿಗ್ಗಿಸುವ ಉಪಾಯ ವ್ಯವಹಾರದಲ್ಲಿ ಇನ್ನೂ ಬಂದಿರದ ಕಾರಣ ಪುಸ್ತಕದ ಪುಟದಷ್ಟು ದೊಡ್ಡ ಚಿತ್ರ ಬೇಕಾದರೆ ಅಷ್ಟೇ ದೊಡ್ಡ ನೆಗೆಟಿವ್ ಬೇಕಾಗುತ್ತಿತ್ತು, ಅಂಥ ನೆಗೆಟಿವ್‌ಗೆ ಅದಕ್ಕೂ ದೊಡ್ಡ ಮರದ ಪೆಟ್ಟಿಗೆ ಬೇಕಾಗುತ್ತಿತ್ತು. ಮದ್ರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ಬಳಸಿದ ಮೇಣಗಾಗದದ ನೆಗೆಟಿವ್‌ಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದ ಅಳತೆಯವಾಗಿದ್ದವು. ಬೆಳಕಿಗೆ ಕಾಗದ ನಿಧಾನವಾಗಿ ಸ್ಪಂದಿಸುತ್ತಿದ್ದುದರಿಂದ ಲೆನ್ಸಿನ ಮುಚ್ಚಳವನ್ನು ನಿಮಿಷಗಟ್ಟಲೆ ತೆರೆದಿಡಬೇಕಾಗಿತ್ತು. ಅಲುಗದ ಕಲ್ಲುಗುಡಿ ಇಂಥ ಚಿತ್ರಕ್ಕೆ ಒಗ್ಗುತ್ತಿತ್ತು, ಅಲುಗುವ ಮನುಷ್ಯ ಒಗ್ಗುತ್ತಿರಲಿಲ್ಲ. ಲಕ್ಕುಂಡಿಯ, ಗದಗಿನ, ಹಾವೇರಿಯ ಗುಡಿಗಳ ಕೆತ್ತನೆ ಇಷ್ಟು ವಿವರವಾಗಿ ದಾಖಲಾದ ಕಾಲದಲ್ಲಿ ಅದೇ ಊರುಗಳ ಸಂತೆ, ಸುಗ್ಗಿ, ಆಟಗಳು ದಾಖಲಾಗದೆ ಉಳಿದದ್ದಕ್ಕೆ ಅಧಿಕಾರಿಗಳ ಆಸಕ್ತಿಯ ಜೊತೆಗೆ ಈ ತಾಂತ್ರಿಕ ಮಿತಿಯೂ ಕಾರಣವಾಗಿತ್ತು.

ಒಣ ಗಾಜಿನ ಫಲಕಗಳು 1880ರ ಹೊತ್ತಿಗೆ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದ ಮೇಲೆ ಪಟ್ಟಣಗಳ ಸ್ಟುಡಿಯೋ ಒಂದು ಕಸುಬಾಗಿ ಬೆಳೆಯಲು ದಾರಿಯಾಯಿತು. ಈ ಕಸುಬಿನ ಲೆಕ್ಕಾಚಾರವೆಲ್ಲ ಚೌಕಟ್ಟಿನ ಅಳತೆಯ ಮೇಲೆ ನಿಂತಿತ್ತು. ಎಂಟೂವರೆ ಅಂಗುಲಕ್ಕೆ ಆರೂವರೆ ಅಂಗುಲದ್ದು ಫುಲ್ ಪ್ಲೇಟ್, ಅದರ ಹೆಚ್ಚು ಕಡಿಮೆ ಅರ್ಧದ್ದು ಹಾಫ್ ಪ್ಲೇಟ್, ನಾಲ್ಕರಲ್ಲೊಂದು ಭಾಗದ್ದು ಕ್ವಾರ್ಟರ್ ಪ್ಲೇಟ್. ಬೆಳಕಿಗೆ ಬೇಗ ಸ್ಪಂದಿಸುವ ಬ್ರೋಮೈಡ್ ಕಾಗದ ಮತ್ತು ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಯಂತ್ರ ಬಳಕೆಗೆ ಬಂದಾಗ ನೆಗೆಟಿವ್ ಚಿತ್ರದಷ್ಟೇ ದೊಡ್ಡದಿರಬೇಕೆಂಬ ನಿರ್ಬಂಧ ಸಡಿಲಾಯಿತು. ಚೌಕಟ್ಟು ಕಿರಿದಾಗುವ ಚರಿತ್ರೆ ನಿಜವಾಗಿ ಆರಂಭವಾದದ್ದು ಇಲ್ಲಿಂದ.

ಅದರ ಅತ್ಯಂತ ನಿರ್ಣಾಯಕ ಹೆಜ್ಜೆ ಜರ್ಮನಿಯ ಲೈಟ್ಸ್ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿನ ಆಸ್ಕರ್ ಬರ್ನಾಕ್ ಉಬ್ಬಸದಿಂದ ನರಳುತ್ತಿದ್ದುದರಿಂದ ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ತಿರುಗುವುದು ಅವನಿಗೆ ಕಷ್ಟವಾಗುತ್ತಿತ್ತು. ಸಿನಿಮಾದ 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚೌಕಟ್ಟು 18ಕ್ಕೆ 24 ಮಿ.ಮೀ. ಇರುತ್ತಿತ್ತು, ಅವನು ಎರಡು ಚೌಕಟ್ಟುಗಳನ್ನು ಕೂಡಿಸಿ 24ಕ್ಕೆ 36 ಮಿ.ಮೀ. ಮಾಡಿಕೊಂಡು ಪುಟ್ಟ ಕ್ಯಾಮೆರಾವೊಂದನ್ನು ರೂಪಿಸಿದನು. ಲೈಕಾ ಎಂಬ ಹೆಸರಿನಲ್ಲಿ ಅದು 1925ರಲ್ಲಿ ಮಾರುಕಟ್ಟೆಗೆ ಬಂತು, 1932ರ ಮಾದರಿಯಲ್ಲಿ ಅದರೊಳಗೇ ರೇಂಜ್‌ಫೈಂಡರ್ ಸೇರಿತು. ರೇಂಜ್‌ಫೈಂಡರ್ ಎಂದರೆ ದೂರವನ್ನು ಅಳೆಯುವ ಸಾಧನ. ಕ್ಯಾಮೆರಾದ ಮುಂಭಾಗದ ಎರಡು ಕಿಂಡಿಗಳಿಂದ ಬರುವ ಎರಡು ಬಿಂಬಗಳು ನೋಡುವವನ ಕಣ್ಣಿಗೆ ಒಂದರ ಮೇಲೊಂದು ಕಾಣುತ್ತವೆ, ಲೆನ್ಸಿನ ಉಂಗುರವನ್ನು ತಿರುಗಿಸಿ ಅವೆರಡನ್ನು ಒಂದಾಗಿಸಿದಾಗ ಆ ದೂರಕ್ಕೆ ಫೋಕಸ್ ಸರಿಯಾಗಿ ಕೂರುತ್ತದೆ. ಈ ವ್ಯವಸ್ಥೆಯಲ್ಲಿ ಲೆನ್ಸಿನ ಹಿಂದೆ ಕನ್ನಡಿಯ ಅಗತ್ಯವಿಲ್ಲದ ಕಾರಣ ಕ್ಯಾಮೆರಾ ತೆಳುವಾಗುತ್ತದೆ, ಶಟರಿನ ಸದ್ದು ಕಡಿಮೆಯಾಗುತ್ತದೆ. ನೋಟದ ಕಿಂಡಿ ಎಡ ಮೂಲೆಯಲ್ಲಿರುವುದರಿಂದ ಬಲಗಣ್ಣಿನಿಂದ ನೋಡುವವನ ಎಡಗಣ್ಣು ಹೊರಗಿನ ಜಗತ್ತಿಗೆ ತೆರೆದಿರುತ್ತದೆ. ಕಿಂಡಿಗೂ ಲೆನ್ಸಿಗೂ ನೋಟ ತುಸು ಬೇರೆಯಾಗಿರುವುದು ಇದರ ದೋಷ, ಹತ್ತಿರದ ವಸ್ತುಗಳಲ್ಲಿ ಅದು ಎದ್ದು ಕಾಣುತ್ತದೆ. 1947–48ರಲ್ಲಿ ಭಾರತದಲ್ಲಿದ್ದು ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ಚಿತ್ರಿಸಿದ ಆನ್ರಿ ಕಾರ್ಟಿಯೇ ಬ್ರೆಸೋನ್ ಬಳಸಿದ್ದು ಈ ಬಗೆಯ ಕ್ಯಾಮೆರಾವನ್ನು.

ಆದರೆ ಧಾರವಾಡ ಸೀಮೆಯಂಥ ಕಡೆ ಲೈಕಾ ಸಾಮಾನ್ಯರ ಕೈಗೆಟುಕುವ ವಸ್ತುವಾಗಿರಲಿಲ್ಲ. ಸ್ಟುಡಿಯೋಗಳಲ್ಲಿಯೂ ಮನೆಗಳಲ್ಲಿಯೂ ಬಹುಕಾಲ ನಡೆದದ್ದು 120 ಎಂಬ ಸಂಖ್ಯೆಯಿಂದ ಕರೆಯುವ ಅಗಲವಾದ ಸುರುಳಿ. ಭಾರತದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಸರಳ ಕ್ಯಾಮೆರಾ ಆ ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿತ್ತು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ ಇಂದು ಹೆಸರಿನ ಕಪ್ಪು ಬಿಳುಪು ಫಿಲ್ಮ್ ದೇಶದ ಬೇಡಿಕೆಯ ಒಂದು ಭಾಗವನ್ನು ಪೂರೈಸಿತು. 120ರ ಚೌಕ ಚಿತ್ರದ ನಿಜವಾದ ಅಳತೆ ಸುಮಾರು 56ಕ್ಕೆ 56 ಮಿ.ಮೀ.; ಅದರ ವಿಸ್ತೀರ್ಣ 35 ಮಿ.ಮೀ. ಚೌಕಟ್ಟಿನ ಮೂರೂವರೆ ಪಟ್ಟಿಗಿಂತ ತುಸು ಹೆಚ್ಚು. ಬಣ್ಣದ ಫಿಲ್ಮ್ ಮತ್ತು ಯಂತ್ರದಲ್ಲಿ ತೊಳೆದು ಮುದ್ರಿಸುವ ಕಲರ್ ಲ್ಯಾಬ್‌ಗಳು ಬಂದ ಮೇಲೆ ಈ ಅಂತರವನ್ನು ಗಿರಾಕಿಗಳು ಗಮನಿಸದಾದರು, ಏಕೆಂದರೆ ಮನೆಯ ಆಲ್ಬಮ್ಮಿನ ನಾಲ್ಕಕ್ಕೆ ಆರು ಅಂಗುಲದ ಪ್ರತಿಗೆ ಸಣ್ಣ ನೆಗೆಟಿವ್ ಧಾರಾಳವಾಗಿ ಸಾಕಾಗುತ್ತಿತ್ತು. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆ ಹಳ್ಳಿಗಳ ಪ್ರತಿಯೊಬ್ಬ ಮತದಾರನೂ ಕ್ಯಾಮೆರಾದ ಮುಂದೆ ಕೂರುವ ಪ್ರಸಂಗ ಬಂತು, ಅಲ್ಲಿ ಬೇಕಾದದ್ದು ಅದಕ್ಕಿಂತಲೂ ಚಿಕ್ಕ ಚಿತ್ರ.

ಅಷ್ಟರಲ್ಲಿ ಜಪಾನಿನಲ್ಲಿ ಚೌಕಟ್ಟನ್ನು ಮತ್ತೂ ಅರ್ಧಕ್ಕಿಳಿಸಿದ ಪ್ರಯೋಗವೊಂದು ನಡೆದುಹೋಗಿತ್ತು. ಒಲಿಂಪಸ್ ಸಂಸ್ಥೆಯ ಯೋಶಿಹಿಸಾ ಮೈಟಾನಿ ರೂಪಿಸಿದ ಪೆನ್ ಎಂಬ ಕ್ಯಾಮೆರಾ 1959ರಲ್ಲಿ ಬರ್ನಾಕ್ ಕೂಡಿಸಿದ್ದ ಎರಡು ಚೌಕಟ್ಟುಗಳನ್ನು ಮತ್ತೆ ಬಿಡಿಸಿ 18ಕ್ಕೆ 24 ಮಿ.ಮೀ. ಅಳತೆಗೆ ಮರಳಿತು. 36 ಚಿತ್ರಗಳ ಸುರುಳಿಯಲ್ಲಿ 72 ಚಿತ್ರಗಳು ಬರುತ್ತಿದ್ದುದರಿಂದ ಫಿಲ್ಮಿನ ಖರ್ಚು ಅರ್ಧಕ್ಕಿಳಿಯಿತು. 1963ರಲ್ಲಿ ಬಂದ ಪೆನ್ ಎಫ್ ಒಳಗೆ ಕನ್ನಡಿಯುಳ್ಳ ಕ್ಯಾಮೆರಾವೇ ಆಗಿತ್ತು, ಆದರೆ ಕನ್ನಡಿ ಪಕ್ಕಕ್ಕೆ ತಿರುಗುವಂತೆ ಜೋಡಿಸಿದ್ದರಿಂದ ಅದರ ನೆತ್ತಿ ರೇಂಜ್‌ಫೈಂಡರ್ ಕ್ಯಾಮೆರಾದಂತೆ ಸಮತಟ್ಟಾಗಿತ್ತು.

ಡಿಜಿಟಲ್ ಕಾಲದಲ್ಲಿ ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದಾಗ ಅಳತೆಯ ಪ್ರಶ್ನೆ ಹೊಸ ರೂಪ ತಳೆಯಿತು, ಏಕೆಂದರೆ ದೊಡ್ಡ ಸೆನ್ಸರ್ ತಯಾರಿಸುವುದು ಬಹಳ ದುಬಾರಿಯಾಗಿತ್ತು. 24ಕ್ಕೆ 36 ಮಿ.ಮೀ. ಅಳತೆಗೆ ಈಗ ಫುಲ್ ಫ್ರೇಮ್ ಎಂಬ ಹೆಸರು ಬಂತು. ಅದಕ್ಕಿಂತ ಚಿಕ್ಕದಾದ, ಸುಮಾರು 23.5ಕ್ಕೆ 15.6 ಮಿ.ಮೀ. ಇರುವ ಎಪಿಎಸ್-ಸಿ ಸೆನ್ಸರ್‌ಗೆ 1996ರಲ್ಲಿ ಬಂದು ಬೇಗ ಮರೆಯಾದ ಫಿಲ್ಮ್ ಪದ್ಧತಿಯೊಂದರ ಹೆಸರು ಉಳಿಯಿತು. ಇನ್ನೂ ಚಿಕ್ಕದು 17.3ಕ್ಕೆ 13 ಮಿ.ಮೀ. ಅಳತೆಯ ಮೈಕ್ರೋ ಫೋರ್ ಥರ್ಡ್ಸ್. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ., ಎಪಿಎಸ್-ಸಿಯದು ಸುಮಾರು 367, ಮೈಕ್ರೋ ಫೋರ್ ಥರ್ಡ್ಸ್‌ನದು ಸುಮಾರು 225. ಫುಲ್ ಫ್ರೇಮಿನಿಂದ ಮೈಕ್ರೋ ಫೋರ್ ಥರ್ಡ್ಸ್‌ಗೆ ಇಳಿಯುವ ಹೆಜ್ಜೆ 3.8 ಪಟ್ಟು, 120ರ ಚೌಕದಿಂದ 35 ಮಿ.ಮೀ. ಫಿಲ್ಮಿಗೆ ಸ್ಟುಡಿಯೋಗಳು ಇಳಿದ ಹೆಜ್ಜೆಯೂ ಹೆಚ್ಚು ಕಡಿಮೆ ಇಷ್ಟೇ ಆಗಿತ್ತು.

ಡಿಜಿಟಲ್ ಸೆನ್ಸರ್ ಹೊಂದಿದ ಮೊದಲ ನಿಜವಾದ ರೇಂಜ್‌ಫೈಂಡರ್ ಕ್ಯಾಮೆರಾ 2004ರ ಎಪ್ಸನ್ ಆರ್‌ಡಿ-1. ಅದರ ಸೆನ್ಸರ್ ಎಪಿಎಸ್-ಸಿ ಅಳತೆಯದಾಗಿತ್ತು. ಕನ್ನಡಿಯನ್ನು ತೆಗೆದುಹಾಕಿ, ಸೆನ್ಸರ್ ಕಂಡ ದೃಶ್ಯವನ್ನೇ ಪರದೆಯ ಮೇಲೆ ತೋರಿಸುವ ಮಿರರ್‌ಲೆಸ್ ಕ್ಯಾಮೆರಾಗಳು 2008ರಿಂದ ಬರತೊಡಗಿದಾಗ ತಯಾರಕರಲ್ಲಿ ಕೆಲವರು ಹಳೆಯ ರೇಂಜ್‌ಫೈಂಡರ್‌ನ ಸಮತಟ್ಟು ರೂಪವನ್ನು ಆರಿಸಿಕೊಂಡರು. ಇವುಗಳಲ್ಲಿ ಎರಡು ಬಿಂಬಗಳನ್ನು ಕೂಡಿಸುವ ಸಾಧನವಿಲ್ಲ, ಫೋಕಸ್ ಕೆಲಸವನ್ನು ಸೆನ್ಸರ್ ತಾನೇ ಮಾಡುತ್ತದೆ. ಆದ್ದರಿಂದ ಇವನ್ನು ರೇಂಜ್‌ಫೈಂಡರ್ ಎನ್ನುವುದಕ್ಕಿಂತ ರೇಂಜ್‌ಫೈಂಡರ್ ಮಾದರಿಯವು ಎನ್ನುವುದು ಸರಿ.

2016ರ ಜನವರಿ 15ರಂದು ಪ್ರಕಟವಾದ ಫ್ಯೂಜಿಫಿಲ್ಮ್ ಎಕ್ಸ್-ಪ್ರೊ2 ಮತ್ತು ಅದೇ ತಿಂಗಳ 27ರಂದು ಪ್ರಕಟವಾದ ಒಲಿಂಪಸ್ ಪೆನ್-ಎಫ್ ಈ ಮಾದರಿಯ ಎರಡು ಪ್ರೌಢ ಉದಾಹರಣೆಗಳು. ಎಕ್ಸ್-ಪ್ರೊ2ರಲ್ಲಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ ಇದೆ, ಪೆನ್-ಎಫ್‌ನಲ್ಲಿ 20 ಮೆಗಾಪಿಕ್ಸೆಲ್‌ನ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಇದೆ. ಬ್ಯಾಟರಿ, ಕಾರ್ಡು ಸೇರಿ ಮೊದಲನೆಯದರ ತೂಕ 495 ಗ್ರಾಂ, ಎರಡನೆಯದರದು 427 ಗ್ರಾಂ. ಎಕ್ಸ್-ಪ್ರೊ2ರ ನೋಟದ ಕಿಂಡಿ ಸಂಕರ ಬಗೆಯದು: ಸನ್ನೆಯೊಂದನ್ನು ಎಳೆದರೆ ಗಾಜಿನ ಮೂಲಕ ನೇರ ನೋಟವೂ ಅದರೊಳಗೆ ಚಿತ್ರದ ಎಲ್ಲೆ ತೋರುವ ಬೆಳಕಿನ ಗೆರೆಯೂ ಕಾಣುತ್ತವೆ, ಮತ್ತೆ ಎಳೆದರೆ ಎಲೆಕ್ಟ್ರಾನಿಕ್ ಪರದೆ ಬರುತ್ತದೆ. ಲೈಕಾ ಪರಂಪರೆಗೆ ಇದು ಹೆಚ್ಚು ಹತ್ತಿರ. ಪೆನ್-ಎಫ್‌ನ ಕಿಂಡಿಯಲ್ಲಿ ಎಲೆಕ್ಟ್ರಾನಿಕ್ ನೋಟ ಮಾತ್ರ ಇದೆ, ಆದರೆ ಹಿಂಬದಿಯ ಪರದೆಯನ್ನು ಹೊರಳಿಸಿ ಯಾವ ಕೋನಕ್ಕಾದರೂ ತಿರುಗಿಸಬಹುದು. ಅದರ ಹೆಸರು, ಸಮತಟ್ಟು ನೆತ್ತಿಗಳೆರಡೂ 1963ರ ಪೆನ್ ಎಫ್‌ನಿಂದ ಬಂದವು. ಹಾಗಾಗಿ ರೇಂಜ್‌ಫೈಂಡರ್ ಮಾದರಿಯೆಂದು ಮಾರಾಟವಾದ ಈ ಕ್ಯಾಮೆರಾದ ವಂಶದಲ್ಲಿ ನಿಜವಾಗಿ ಕನ್ನಡಿಯುಳ್ಳ ಕ್ಯಾಮೆರಾವೊಂದಿದೆ.

ಬೆಳಕಿನ ಲೆಕ್ಕದಲ್ಲಿ ಎಪಿಎಸ್-ಸಿ ಸೆನ್ಸರ್‌ನ ವಿಸ್ತೀರ್ಣ ಇನ್ನೊಂದರ 1.6 ಪಟ್ಟು. ಅದೇ ದೃಶ್ಯಕ್ಕೆ, ಲೆನ್ಸಿನ ಬಾಯಿ ಎಷ್ಟು ತೆರೆದಿದೆಯೆಂದು ಹೇಳುವ ಅಪರ್ಚರ್ ಸಂಖ್ಯೆ ಅದೇ ಇದ್ದಾಗ, ಅದೇ ಶಟರ್ ವೇಗದಲ್ಲಿ ದೊಡ್ಡ ಸೆನ್ಸರ್ ಅಷ್ಟು ಹೆಚ್ಚು ಬೆಳಕನ್ನು ಒಟ್ಟಾರೆ ಸಂಗ್ರಹಿಸುತ್ತದೆ. ಬೆಳಕು ಇಮ್ಮಡಿಯಾಗುವುದನ್ನು ಒಂದು ಸ್ಟಾಪ್ ಎನ್ನುವ ಛಾಯಾಗ್ರಾಹಕರ ಅಳತೆಯಲ್ಲಿ ಈ ಅಂತರ ಮುಕ್ಕಾಲು ಸ್ಟಾಪಿಗಿಂತ ತುಸು ಕಡಿಮೆ. ಇದರಲ್ಲಿಯೂ ಒಂದು ಭಾಗವನ್ನು ಲೆನ್ಸ್ ತುಂಬಿಕೊಡಬಲ್ಲದು. ಎರಡೂ ಪದ್ಧತಿಗಳಲ್ಲಿ ಹೆಚ್ಚು ಕಡಿಮೆ ಒಂದೇ ನೋಟ ಕೊಡುವ ಒಲಿಂಪಸ್‌ನ 17 ಮಿ.ಮೀ. ಎಫ್ 1.8 ಮತ್ತು ಫ್ಯೂಜಿಯ 23 ಮಿ.ಮೀ. ಎಫ್ 2 ಲೆನ್ಸ್‌ಗಳನ್ನು ಹೋಲಿಸಿದರೆ, ಒಲಿಂಪಸ್ ಲೆನ್ಸಿನ ಬಾಯಿ ತುಸು ಹೆಚ್ಚು ತೆರೆಯುವುದರಿಂದ ಉಳಿಯುವ ಅಂತರ ಅರ್ಧ ಸ್ಟಾಪಿಗಿಂತ ಕಡಿಮೆ. ತೂಕದಲ್ಲಿ ಮೊದಲ ಲೆನ್ಸ್ 120 ಗ್ರಾಂ, ಎರಡನೆಯದು 180 ಗ್ರಾಂ.

ಈ ಅರ್ಧ ಸ್ಟಾಪಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಎದುರಿನ ವಸ್ತುವಿನ ಮೇಲೆ ನಿಂತಿದೆ. ಕುಂದಗೋಳದ ಶಂಭುಲಿಂಗ ದೇವಾಲಯ ಅಥವಾ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಒಳಗಿನ ಕಂಬಗಳನ್ನು ಮುಕ್ಕಾಲಿಯಿಲ್ಲದೆ ಚಿತ್ರಿಸಬೇಕಾದರೆ ಗೆಲ್ಲುವುದು ಚಿಕ್ಕ ಸೆನ್ಸರ್. ಪೆನ್-ಎಫ್‌ನ ಸೆನ್ಸರ್ ಕೈಯ ಕಂಪನವನ್ನು ಗುರುತಿಸಿ ಅದಕ್ಕೆ ಪ್ರತಿಯಾಗಿ ತಾನೇ ಚಲಿಸುತ್ತದೆ, ಐದು ಸ್ಟಾಪಿನವರೆಗೆ ಇದರಿಂದ ಲಾಭವೆಂದು ತಯಾರಕರ ಅಳತೆ ಹೇಳುತ್ತದೆ. ಎಕ್ಸ್-ಪ್ರೊ2ರ ಒಡಲಿನಲ್ಲಿ ಈ ಸೌಲಭ್ಯವಿಲ್ಲ. ಕಲ್ಲು ಅಲುಗುವುದಿಲ್ಲವಾದ್ದರಿಂದ ಶಟರನ್ನು ಅರ್ಧ ಸೆಕೆಂಡಿನಷ್ಟು ತೆರೆದಿಟ್ಟರೂ ಚಿತ್ರ ಕದಡುವುದಿಲ್ಲ; ಬಿಗ್ಸ್‌ನಿಗೆ ದೊಡ್ಡ ಪೆಟ್ಟಿಗೆಯಿಂದ ಸಾಧ್ಯವಾದದ್ದು ಇಲ್ಲಿ ಕೈಯಲ್ಲೇ ಸಾಧ್ಯವಾಗುತ್ತದೆ.

ದೊಡ್ಡಾಟದ ರಂಗದ ಮೇಲೆ ಕಿರೀಟ, ಭುಜಕೀರ್ತಿ ತೊಟ್ಟ ಪಾತ್ರಧಾರಿ ಹೆಜ್ಜೆ ಹಾಕುವಾಗ ಈ ಲಾಭ ಶೂನ್ಯವಾಗುತ್ತದೆ. ಅಲ್ಲಿ ಅಲುಗುವುದು ಛಾಯಾಗ್ರಾಹಕನ ಕೈಯಲ್ಲ, ನಟನ ದೇಹ. ಅದನ್ನು ಹಿಡಿಯಲು ಶಟರ್ ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗದಷ್ಟು ಚುರುಕಾಗಿರಬೇಕು, ಬೆಳಕಿನ ಕೊರತೆಯನ್ನು ಸೆನ್ಸರ್‌ನ ಸೂಕ್ಷ್ಮತೆ ಹೆಚ್ಚಿಸಿ ತುಂಬಿಕೊಳ್ಳಬೇಕು, ಆಗ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ದೋಷ ಚಿಕ್ಕ ಸೆನ್ಸರ್‌ನಲ್ಲಿ ಮೊದಲು ತಲೆದೋರುತ್ತದೆ. ಸವಾಯಿ ಗಂಧರ್ವರ (1886–1952) ಸ್ಮರಣೆಗಾಗಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆಯುತ್ತ ಬಂದಿರುವ ಅಹೋರಾತ್ರಿ ಸಂಗೀತೋತ್ಸವದಂಥ ಕಡೆ ಸದ್ದಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಎರಡೂ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ. ಆದರೆ ಅದು ಸೆನ್ಸರ್‌ನ್ನು ಸಾಲುಸಾಲಾಗಿ ಓದುವುದರಿಂದ ಮಿನುಗುವ ಎಲ್‌ಇಡಿ ಅಥವಾ ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಪಟ್ಟೆಗಳು ಮೂಡುವ ಸಂಭವವಿದೆ.

ಮದುವೆ ಮನೆಯ ಕೆಲಸ ಇನ್ನೊಂದು ಬಗೆಯದು. ಮೂರು ಸಾಲಿನಲ್ಲಿ ನಿಂತ ಬೀಗರೆಲ್ಲರ ಮುಖವೂ ಸ್ಪಷ್ಟವಾಗಿರಬೇಕಾದ ಗುಂಪು ಚಿತ್ರದಲ್ಲಿ, ಒಂದೇ ಅಪರ್ಚರ್ ಸಂಖ್ಯೆಯಲ್ಲಿ ಚಿಕ್ಕ ಸೆನ್ಸರ್ ಹೆಚ್ಚು ಆಳದವರೆಗೆ ಸ್ಪಷ್ಟತೆ ಕೊಡುತ್ತದೆ. ದೊಡ್ಡ ಸೆನ್ಸರ್‌ನಲ್ಲಿ ಅದೇ ಆಳಕ್ಕೆ ಲೆನ್ಸಿನ ಬಾಯಿಯನ್ನು ಕಿರಿದು ಮಾಡಬೇಕು, ಹಾಗೆ ಮಾಡಿದೊಡನೆ ಅದರ ಬೆಳಕಿನ ಲಾಭ ಕರಗುತ್ತದೆ. ಆಲ್ಬಮ್ಮಿನ ವಿಷಯದಲ್ಲಿ ಮಾತ್ರ ಎಕ್ಸ್-ಪ್ರೊ2 ಮುಂದಿದೆ. ಪೆನ್-ಎಫ್‌ನ ಚಿತ್ರ 5184ಕ್ಕೆ 3888 ಬಿಂದುಗಳದು, ಎಕ್ಸ್-ಪ್ರೊ2ರದು 6000ಕ್ಕೆ 4000. ಎತ್ತರದಲ್ಲಿ ಇವೆರಡಕ್ಕೂ ಹೇಳುವಂಥ ಭೇದವಿಲ್ಲ. ಆದರೆ ಇಂದಿನ ಮದುವೆ ಆಲ್ಬಮ್ಮುಗಳಲ್ಲಿ ಬಳಕೆಯಿರುವ 12ಕ್ಕೆ 18 ಅಂಗುಲದ ಪುಟಕ್ಕೆ ಮೂರಕ್ಕೆ ಎರಡರ ಅನುಪಾತದ ಎಕ್ಸ್-ಪ್ರೊ2ರ ಚಿತ್ರ ಕತ್ತರಿಸದೆ ಕೂರುತ್ತದೆ, ಅಂಗುಲಕ್ಕೆ 333 ಬಿಂದುಗಳು ಸಿಗುತ್ತವೆ. ನಾಲ್ಕಕ್ಕೆ ಮೂರರ ಅನುಪಾತದ ಪೆನ್-ಎಫ್ ಚಿತ್ರದ ಮೇಲುಕೆಳಗನ್ನು ಕತ್ತರಿಸಬೇಕಾಗುತ್ತದೆ, ಆಮೇಲೆ ಉಳಿಯುವುದು ಅಂಗುಲಕ್ಕೆ 288. ಕಣ್ಣಿಗೆ ಕಾಣುವ ಸ್ಪಷ್ಟತೆಯಲ್ಲಿ ಇದು ಚಿಕ್ಕ ಅಂತರ. ಚಿತ್ರ ತೆಗೆಯುವಾಗಲೇ ಅಂಚಿನ ಜಾಗವನ್ನು ಬಿಟ್ಟುಕೊಳ್ಳಬೇಕಾದ ಎಚ್ಚರವೇ ಹೆಚ್ಚಿನ ತೊಂದರೆ.

ಸುಗ್ಗಿಯ ಕಣದಲ್ಲಿ ಹೊಟ್ಟು ತೂರುವಾಗಿನ ದೂಳು, ಮುಂಗಾರಿನ ಹಠಾತ್ ಮಳೆಗಳು ಎಕ್ಸ್-ಪ್ರೊ2ರ ಪರ ವಾದಿಸುತ್ತವೆ, ಏಕೆಂದರೆ ಅದರ ಒಡಲಿನ ಸಂದುಗಳಿಗೆ ದೂಳು, ತೇವ ತಡೆಯುವ ಮುಚ್ಚುಪಟ್ಟಿಗಳಿವೆ, ಪೆನ್-ಎಫ್‌ಗೆ ಇಲ್ಲ. ಲೆನ್ಸ್ ಬದಲಿಸುವಾಗ ಸೆನ್ಸರ್ ಮೇಲೆ ಬಿದ್ದ ದೂಳನ್ನು ಅತಿವೇಗದ ಕಂಪನದಿಂದ ಕೊಡವುವ ವಿಧಾನವನ್ನು ಒಲಿಂಪಸ್ 2003ರಷ್ಟು ಹಿಂದೆಯೇ ತಂದಿತ್ತಾದರೂ ಅದು ಒಡಲಿನೊಳಗೆ ದೂಳು ನುಸುಳುವುದನ್ನು ತಡೆಯುವುದಿಲ್ಲ.

ಮುಂದಿನ ವರ್ಷಗಳು ಈ ಸ್ಪರ್ಧೆಯನ್ನು ಬೇರೆಡೆಗೆ ಒಯ್ದವು. ಎಕ್ಸ್-ಪ್ರೊ2ಕ್ಕೆ 2019ರಲ್ಲಿ ಎಕ್ಸ್-ಪ್ರೊ3 ಉತ್ತರಾಧಿಕಾರಿಯಾಯಿತು. ಪೆನ್-ಎಫ್‌ಗೆ ಸಮಾನವಾದ ಉತ್ತರಾಧಿಕಾರಿ ಬರಲಿಲ್ಲ, ಒಲಿಂಪಸ್ ತನ್ನ ಕ್ಯಾಮೆರಾ ವ್ಯವಹಾರವನ್ನು 2021ರ ಆರಂಭದಲ್ಲಿ ಬೇರೊಂದು ಸಂಸ್ಥೆಗೆ ಒಪ್ಪಿಸಿತು. 2020ರಲ್ಲಿ ಸೋನಿ ಎ7ಸಿ ಎಂಬ ಸಮತಟ್ಟು ನೆತ್ತಿಯ ಕ್ಯಾಮೆರಾ ಫುಲ್ ಫ್ರೇಮ್ ಸೆನ್ಸರ್‌ನ್ನು 509 ಗ್ರಾಂ ತೂಕದ ಒಡಲಿನಲ್ಲಿ ಅಡಗಿಸಿದ ಮೇಲೆ, ಚಿಕ್ಕ ಸೆನ್ಸರ್ ಎಂದರೆ ಚಿಕ್ಕ ಕ್ಯಾಮೆರಾ ಎಂಬ ಸಮೀಕರಣ ಒಡಲಿನ ಮಟ್ಟಿಗೆ ಮುರಿಯಿತು. ಈಗ ಅದು ನಿಂತಿರುವುದು ಲೆನ್ಸ್‌ಗಳ ಗಾತ್ರದಲ್ಲಿ ಮಾತ್ರ. ಇತ್ತ ಹಳ್ಳಿಗಳಲ್ಲಿ ನಿತ್ಯದ ಚಿತ್ರಗಳೆಲ್ಲ ಮೊಬೈಲ್ ಫೋನಿನ ಮತ್ತೂ ಕಿರಿದಾದ ಸೆನ್ಸರ್‌ಗೆ ಹೋದವು, ಸ್ಟುಡಿಯೋದವರ ಪಾಲಿಗೆ ಮದುವೆ, ಜಾತ್ರೆ, ರಾತ್ರಿಯ ಕಾರ್ಯಕ್ರಮಗಳಂಥ ಕಷ್ಟದ ಕೆಲಸ ಉಳಿಯಿತು.

ಇದು ಹೊಸದೇನಲ್ಲ. ಕಾಗದದಿಂದ ಗಾಜಿಗೆ, ಗಾಜಿನಿಂದ 120ಕ್ಕೆ, 120ರಿಂದ 35ಕ್ಕೆ ಬಂದ ಪ್ರತಿ ಹಂತದಲ್ಲೂ ದಾಖಲಿಸುವ ವಸ್ತು ಸುಧಾರಿಸಿದಷ್ಟು ದಿನಬಳಕೆಯ ಚಿತ್ರ ಚಿಕ್ಕ ಚೌಕಟ್ಟಿಗೆ ಇಳಿದಿದೆ, ದೊಡ್ಡ ಚೌಕಟ್ಟು ಬೆಳಕು ಸಾಲದ ಅಥವಾ ದೊಡ್ಡ ಪ್ರತಿ ಬೇಕಾದ ಕೆಲಸಗಳಿಗೆ ಸೀಮಿತವಾಗಿದೆ. 2016ರ ಎರಡು ಕ್ಯಾಮೆರಾಗಳಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಹಿಂದೆ ಬಿದ್ದದ್ದು ಅದರ ಚಿತ್ರ ಕಳಪೆಯಾಗಿದ್ದುದರಿಂದಲ್ಲ. ಮೇಲಿನಿಂದ ಫುಲ್ ಫ್ರೇಮ್ ಹಗುರಾಗಿ ಇಳಿದು ಬಂದು, ಕೆಳಗಿನಿಂದ ಫೋನು ಸುಧಾರಿಸಿ ಏರಿ ಬಂದು, ಅದು ನಿಲ್ಲುತ್ತಿದ್ದ ನಡುವಿನ ಜಾಗ ಕಿರಿದಾಯಿತು. ಯರಗುಪ್ಪಿಯ ಸುತ್ತಲಿನ ಬದುಕನ್ನು ಇಂದು ದಾಖಲಿಸಹೊರಡುವವರು ಗುಡಿಗಳನ್ನು, ಹೊಲಗಳನ್ನು, ಹಗಲಿನ ಜಾತ್ರೆಯನ್ನು ಪೆನ್-ಎಫ್‌ನಲ್ಲಿ ದೂಳು, ಮಳೆಗಳಿಂದ ಕಾಪಾಡಿಕೊಂಡರೆ ಯಾವ ಕೊರತೆಯೂ ಇಲ್ಲದೆ ಚಿತ್ರಿಸಬಹುದು. ದೊಡ್ಡಾಟವೂ ಅಹೋರಾತ್ರಿಯ ಸಂಗೀತವೂ ಅವರ ಮುಖ್ಯ ವಿಷಯವಾದರೆ ಎಪಿಎಸ್-ಸಿ ಅಥವಾ ಅದಕ್ಕೂ ದೊಡ್ಡ ಸೆನ್ಸರ್‌ಗೆ ಕೊಡುವ ಹೆಚ್ಚಿನ ಹಣ ಸಾರ್ಥಕವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ಯಂತ್ರದ ಮಿತಿಯಿಂದಾಗಿ ಬಿಟ್ಟುಹೋದದ್ದು ಈ ಎರಡನೆಯ ಬಗೆಯ ವಿಷಯಗಳನ್ನೇ ಆದ್ದರಿಂದ, ಸೀಮೆಯ ಚಿತ್ರಸಂಗ್ರಹದಲ್ಲಿ ಹೆಚ್ಚಿನ ಕೊರತೆಯಿರುವುದೂ ಅಲ್ಲಿಯೇ.